ಲೆಕ್ಕ ಯಾವ ವರ್ಷದಿಂದ ಶುರು?

(ಬ್ರಿಟನ್ನಿನ 2024ರ ಸಾರ್ವತ್ರಿಕ ಚುನಾವಣೆಗೆ ಹನ್ನೆರಡು ದಿನ ಮುಂಚೆ, ಜೂನ್ 22ರ ಶನಿವಾರ, ರೆಡಿಂಗ್‌ನಲ್ಲಿ ಸೇರಿದ್ದ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ.)

ಜೂನ್ 4ರ ರಾತ್ರಿ ಐಟಿವಿಯಲ್ಲಿ ಪ್ರಧಾನಿ ರಿಷಿ ಸುನಕ್ ಮತ್ತು ಲೇಬರ್ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಅವರ ಚರ್ಚೆ ನೋಡಿದವರು ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ. ಆ ಚರ್ಚೆಯಿಂದ ನಿಮ್ಮ ತಲೆಯಲ್ಲಿ ಉಳಿದ ಅಂಕಿ ಯಾವುದು? ಹೌದು, ಎರಡು ಸಾವಿರ ಪೌಂಡ್. ಎಲ್ಲರೂ ಅದನ್ನೇ ಹೇಳುತ್ತಿದ್ದೀರಿ.

ಲೇಬರ್ ಬಂದರೆ ಮನೆಗೆ 2,000 ಪೌಂಡ್ ತೆರಿಗೆ ಜಾಸ್ತಿ ಆಗುತ್ತದೆ ಅಂತ ಸುನಕ್ ಅವತ್ತು ಮತ್ತೆ ಮತ್ತೆ ಹೇಳಿದರು. ಅದು ಒಂದು ವರ್ಷದ ಲೆಕ್ಕವೋ, ನಾಲ್ಕು ವರ್ಷದ್ದೋ? ನಾಲ್ಕು ವರ್ಷದ್ದು. ಅದೂ ಎದುರು ಪಕ್ಷ ಏನೇನು ಮಾಡಬಹುದು ಅಂತ ಇವರೇ ಊಹಿಸಿಕೊಂಡು ಕೂಡಿಸಿದ ಲೆಕ್ಕ. ಆ ಮೊತ್ತವನ್ನು ಸರ್ಕಾರಿ ಅಧಿಕಾರಿಗಳ ಲೆಕ್ಕ ಅಂತ ಹೇಳಬಾರದು ಎಂದು ಖಜಾನೆ ಇಲಾಖೆಯ ಮುಖ್ಯ ಅಧಿಕಾರಿ ಜೇಮ್ಸ್ ಬೌಲರ್ ಚರ್ಚೆಗೆ ಮುಂಚೆಯೇ ಪತ್ರದಲ್ಲಿ ಬರೆದಿದ್ದರು. ಆ ಪತ್ರ ಮಾರನೇ ದಿನ ಎಲ್ಲರ ಕೈ ಸೇರಿತು. ಆದರೆ ನೆನಪಿನಲ್ಲಿ ಉಳಿದದ್ದು ಪತ್ರ ಅಲ್ಲ, ಅಂಕಿ.

ಲೇಬರ್ ಕೂಡ ಅದೇ ಕೆಲಸ ಮಾಡಿತು. ಟೋರಿಗಳ, ಅಂದರೆ ಸುನಕ್ ಅವರ ಕನ್ಸರ್ವೇಟಿವ್ ಪಕ್ಷದ, ಪ್ರಣಾಳಿಕೆ ಜಾರಿಯಾದರೆ ನಿಮ್ಮ ಮನೆ ಸಾಲದ ಮೇಲೆ 4,800 ಪೌಂಡ್ ಹೆಚ್ಚು ಬೀಳುತ್ತದೆ ಎಂದಿತು. ಎಷ್ಟು ವರ್ಷಕ್ಕೆ? ಐದು ವರ್ಷಕ್ಕೆ. ಅದನ್ನು ದೊಡ್ಡ ಅಕ್ಷರದಲ್ಲಿ ಯಾರೂ ಬರೆಯಲಿಲ್ಲ.

ಇವತ್ತು ನಾನು ಯಾರಿಗೆ ಮತ ಹಾಕಿ ಅಂತ ಹೇಳಲು ನಿಂತಿಲ್ಲ. ಒಂದು ಪಕ್ಷ ಆರ್ಥಿಕತೆಯನ್ನು ಹೇಗೆ ನಡೆಸಿತು ಅನ್ನುವ ವಾದ ಕಿವಿಗೆ ಬಿದ್ದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ. ಲೆಕ್ಕ ಯಾವ ವರ್ಷದಿಂದ ಶುರು? ಯಾವ ವರ್ಷಕ್ಕೆ ಮುಗಿಯುತ್ತದೆ? ಇಷ್ಟೇ. ಈ ದೇಶದ ಚುನಾವಣೆಗಳಲ್ಲಿ ಆಗಿರುವ ಜಗಳಗಳಲ್ಲಿ ಮುಕ್ಕಾಲು ಪಾಲು ಇದೊಂದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಒಂದೇ ತಿಂಗಳ ಲೆಕ್ಕ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 1970ರ ಕತೆ ಕೇಳಿ. ಹೆರಾಲ್ಡ್ ವಿಲ್ಸನ್ ಪ್ರಧಾನಿ, ಲೇಬರ್ ಸರ್ಕಾರ. 1967ರ ನವೆಂಬರ್‌ನಲ್ಲಿ ಅವರು ಪೌಂಡ್‌ನ ಬೆಲೆ ಇಳಿಸಬೇಕಾಗಿ ಬಂದಿತ್ತು. ದೊಡ್ಡ ಅವಮಾನ. ಆಮೇಲೆ ರಾಯ್ ಜೆಂಕಿನ್ಸ್ ಹಣಕಾಸು ಮಂತ್ರಿಯಾಗಿ ಕಷ್ಟಪಟ್ಟು ವಿದೇಶಿ ವ್ಯಾಪಾರದ ಲೆಕ್ಕವನ್ನು ಮಿಗತೆಗೆ ತಂದರು. ಅದೇ ಅವರ ಹೆಮ್ಮೆ. ಜೂನ್ 18ಕ್ಕೆ ಚುನಾವಣೆ, ಹೆಚ್ಚಿನ ಸಮೀಕ್ಷೆಗಳಲ್ಲಿ ವಿಲ್ಸನ್ ಮುಂದಿದ್ದರು. ಮೂರೇ ದಿನ ಇರುವಾಗ, ಸೋಮವಾರ, ಮೇ ತಿಂಗಳ ಲೆಕ್ಕ ಹೊರಬಿತ್ತು. 31 ಮಿಲಿಯನ್ ಪೌಂಡ್ ಕೊರತೆ! ಎದುರಾಳಿ ಟೋರಿ ನಾಯಕ ಎಡ್ವರ್ಡ್ ಹೀತ್ ಕಡೆಯವರು ಬಿಡುತ್ತಾರಾ? ನೋಡಿ, ಮತ್ತೆ ಮುಳುಗಿಸಿದರು ಅಂದರು.

ಕೊರತೆ ಯಾಕೆ ಬಂತು ಗೊತ್ತಾ? ಆ ತಿಂಗಳು ಅಮೆರಿಕದಿಂದ ಕೊಂಡ ಎರಡು ಜಂಬೋ ಜೆಟ್ ವಿಮಾನಗಳ ಬೆಲೆ ಅದರಲ್ಲಿ ಸೇರಿತ್ತು. ಮುಂದೆ ವರ್ಷಗಟ್ಟಲೆ ದುಡಿಯುವ ವಿಮಾನ, ಲೆಕ್ಕ ಬಿದ್ದದ್ದು ಒಂದೇ ತಿಂಗಳಿಗೆ. ವಿಲ್ಸನ್ ಸೋತರು. ಆ ಅಂಕಿಯಿಂದಲೇ ಸೋತರು ಅಂತ ನಾನು ಹೇಳುವುದಿಲ್ಲ, ಅದರ ಬಗ್ಗೆ ಇವತ್ತಿಗೂ ವಾದ ಇದೆ. ಆದರೆ ಮೂರು ವರ್ಷದ ಕೆಲಸಕ್ಕೆ ಒಂದು ತಿಂಗಳ ಚೀಟಿ ಅಡ್ಡ ಬಂದದ್ದು ನಿಜ.

ನಮ್ಮ ಈ ಚುನಾವಣೆಯಲ್ಲೂ ಹಾಗೇ ಆಗುತ್ತಿದೆ, ಈ ಸಲ ಆಳುವ ಪಕ್ಷದ ಕಡೆಗೆ. ಮೇ 22ರಂದು ಡೌನಿಂಗ್ ಸ್ಟ್ರೀಟ್‌ನಲ್ಲಿ ಸುನಕ್ ಮಳೆಯಲ್ಲಿ ನೆನೆಯುತ್ತಾ ಚುನಾವಣೆ ಘೋಷಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ಅವತ್ತೇ ಬೆಳಿಗ್ಗೆ ಏಪ್ರಿಲ್ ತಿಂಗಳ ಹಣದುಬ್ಬರ 2.3% ಅಂತ ಬಂದಿತ್ತು. ಮೊನ್ನೆ ಬುಧವಾರ ಮೇ ತಿಂಗಳದ್ದು ಬಂತು, ಸರಿಯಾಗಿ 2%. ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಗುರಿ ಮುಟ್ಟಿತು. 2022ರ ಅಕ್ಟೋಬರ್‌ನಲ್ಲಿ ಇದ್ದದ್ದು 11.1%. ಅಲ್ಲಿಂದ ಅಳೆದರೆ ಭಾರೀ ಸಾಧನೆ.

ಆದರೆ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ. ಬೆಲೆ ಏರುವ ವೇಗ ಇಳಿಯಿತು ಅಷ್ಟೇ. 2023ರ ಮಾರ್ಚ್‌ನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ 19% ಮೇಲೆ ಹೋಗಿತ್ತು. ಆ ಏರಿಕೆ ವಾಪಸ್ ಇಳಿದು ಬಂದಿಲ್ಲ, ಅದರ ಮೇಲೇ ನಾವು ಈಗ ನಿಂತಿದ್ದೇವೆ. ಬೇಳೆ, ಎಣ್ಣೆ, ಬೆಣ್ಣೆ ತರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಒಂದು ಕಾಗದ ತಂದಿದ್ದೇನೆ. ಇದು ನನ್ನ ಮನೆ ಸಾಲದ ಪತ್ರ. ಹಿಂದೆ ಕೂತವರಿಗೆ ಕಾಣುವುದಿಲ್ಲ, ಓದುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷಕ್ಕೆ ಬಡ್ಡಿ ಕಟ್ಟಿಹಾಕಿಕೊಂಡಿದ್ದೆ, 1.6%. ತಿಂಗಳ ಕಂತು 890 ಪೌಂಡ್. ಅವಧಿ ಮುಗಿದಾಗ, 2023ರಲ್ಲಿ, ಸಿಕ್ಕಿದ್ದು 5.2%. ಕಂತು 1,277. ಅಂದರೆ ತಿಂಗಳಿಗೆ 387 ಪೌಂಡ್ ಜಾಸ್ತಿ. ಅವತ್ತು ಈ ಪತ್ರ ಕೈಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆ ಮೇಜಿನ ಮೇಲೆ ಅದನ್ನು ಮಗುಚಿ ಇಟ್ಟಳು. ಎರಡು ದಿನ ಹಾಗೇ ಬಿದ್ದಿತ್ತು. ಓದಿದ್ದನ್ನು ಮತ್ತೆ ಓದುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಈ 387 ಪೌಂಡ್ ಯಾರ ಲೆಕ್ಕಕ್ಕೆ? ಸುನಕ್‌ಗೆ ಮುಂಚೆ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಲೆಕ್ಕಕ್ಕೆ ಅಂತ ಲೇಬರ್ ಕಾರ್ಯಕರ್ತರು ಹೇಳುತ್ತಾರೆ. ಉಕ್ರೇನ್ ಯುದ್ಧದ ಲೆಕ್ಕಕ್ಕೆ ಅಂತ ಟೋರಿಗಳು. ನಾನು ಕೂತು ಬಿಡಿಸಿ ನೋಡಿದೆ. ನಿಮಗೂ ಹೇಳುತ್ತೇನೆ.

2022ರ ಸೆಪ್ಟೆಂಬರ್ 23ರಂದು ಟ್ರಸ್ ಸರ್ಕಾರದ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಮಿನಿ ಬಜೆಟ್ ಮಂಡಿಸಿದರು. ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತ. ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳಲಿಲ್ಲ. ಸ್ವತಂತ್ರವಾಗಿ ಲೆಕ್ಕ ಪರಿಶೀಲಿಸುವ ಒಬಿಆರ್ ಸಂಸ್ಥೆಯ ಅಂದಾಜನ್ನೂ ಜೊತೆಗೆ ಪ್ರಕಟಿಸಲಿಲ್ಲ. ಸೋಮವಾರ ಪೌಂಡ್ 1.03 ಡಾಲರ್ ಹತ್ತಿರಕ್ಕೆ ಕುಸಿಯಿತು. ಬುಧವಾರ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬಂದು ಸರ್ಕಾರಿ ಸಾಲಪತ್ರ ಕೊಳ್ಳಲು ಶುರು ಮಾಡಿತು, ಇಲ್ಲದಿದ್ದರೆ ಪಿಂಚಣಿ ನಿಧಿಗಳಿಗೇ ಕುತ್ತು ಬರುವ ಹಾಗಿತ್ತು. ಮನೆ ಸಾಲದ ನೂರಾರು ಯೋಜನೆಗಳು ರಾತ್ರೋರಾತ್ರಿ ಮಾಯವಾದವು. ಎರಡು ವರ್ಷದ ಬಡ್ಡಿ ಸರಾಸರಿ 6.5% ದಾಟಿತು. ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ. ಆ ಶರತ್ಕಾಲದಲ್ಲೇ ಯಾರ ಅವಧಿ ಮುಗಿದಿತ್ತೋ ಅವರಿಗೆ ಬಿದ್ದ ಪೆಟ್ಟು ನೇರವಾಗಿ ಸರ್ಕಾರ ಕೊಟ್ಟ ಪೆಟ್ಟು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಇಲ್ಲಿ ಅಂಥವರು ಇದ್ದೀರಿ, ನಿಮ್ಮ ಸಿಟ್ಟು ನ್ಯಾಯವಾದದ್ದು.

ಆದರೆ ನನ್ನ ಪತ್ರ ಅದಾದ ಒಂದು ವರ್ಷದ ಮೇಲೆ ಬಂದದ್ದು. ಅಷ್ಟರಲ್ಲಿ ಆ ಗಾಬರಿ ಇಳಿದಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ 2021ರ ಡಿಸೆಂಬರ್‌ನಲ್ಲಿ 0.1% ಇದ್ದದ್ದು 2023ರ ಆಗಸ್ಟ್‌ಗೆ 5.25% ಆಗಿತ್ತು. ಅಮೆರಿಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಯೂರೋಪಿನಲ್ಲೂ ಬಡ್ಡಿ ಏರಿತ್ತು. ಹಾಗಾಗಿ ನನ್ನ 387 ಪೌಂಡಿನ ಬಹುಪಾಲನ್ನು ನಾನು ಟ್ರಸ್ ಅವರ ಹೆಸರಿಗೆ ಬರೆಯಲಾರೆ. ಬರೆದರೆ ಮನಸ್ಸಿಗೆ ಹಗುರ ಆಗುತ್ತಿತ್ತು. ಆದರೆ ಲೆಕ್ಕ ಹೊಂದುವುದಿಲ್ಲ.

ಸರ್ಕಾರ ಮಾಡಿದ್ದು ಯಾವುದು, ಸರ್ಕಾರದ ಮೇಲೆ ಬಂದು ಬಿದ್ದದ್ದು ಯಾವುದು? ಇವೆರಡನ್ನೂ ಬೇರೆ ಮಾಡುವುದು ಕಷ್ಟ. ಆದರೆ ಮಾಡದೆ ಬಿಡಬಾರದು.

ಇದೇ ನ್ಯಾಯವನ್ನು ಲೇಬರ್‌ಗೂ ಕೊಡಬೇಕಲ್ವಾ? 2008ಕ್ಕೆ ಹೋಗಿ. ಅದಕ್ಕೆ ಮುಂಚಿನ ವರ್ಷ, ಸೆಪ್ಟೆಂಬರ್‌ನಲ್ಲಿ, ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ದುಡ್ಡು ವಾಪಸ್ ಪಡೆಯಲು ಸಾಲು ನಿಂತರು. ಆಮೇಲೆ ದೊಡ್ಡ ದೊಡ್ಡ ಬ್ಯಾಂಕುಗಳನ್ನೇ ಸರ್ಕಾರ ಉಳಿಸಬೇಕಾಯಿತು. ತೆರಿಗೆ ವರಮಾನ ಕುಸಿಯಿತು, ಖರ್ಚು ಏರಿತು. 2009-10ರ ಹೊತ್ತಿಗೆ ಸರ್ಕಾರದ ಕೊರತೆ ಜಿಡಿಪಿಯ 10% ಹತ್ತಿರ. 2010ರಲ್ಲಿ ಅಧಿಕಾರ ಬಿಡುವಾಗ ಲೇಬರ್ ಮಂತ್ರಿ ಲಿಯಾಮ್ ಬೈರ್ನ್ ಮುಂದೆ ಬರುವವರಿಗೆ ಒಂದು ಚೀಟಿ ಬರೆದಿಟ್ಟರು: ಕ್ಷಮಿಸಿ, ದುಡ್ಡು ಇಲ್ಲ. ತಮಾಷೆಗೆ ಬರೆದದ್ದು. 2015ರ ಚುನಾವಣೆಯಲ್ಲಿ ಟೋರಿ ಪ್ರಧಾನಿ ಡೇವಿಡ್ ಕ್ಯಾಮರನ್ ಆ ಚೀಟಿಯನ್ನು ಜೇಬಲ್ಲಿಟ್ಟುಕೊಂಡು ಊರೂರು ತಿರುಗಿದರು.

ಆ ವರ್ಷದ ಏಪ್ರಿಲ್ 30ರಂದು ಲೀಡ್ಸ್‌ನಲ್ಲಿ ಬಿಬಿಸಿ ಕಾರ್ಯಕ್ರಮ. ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಅವರನ್ನು ಸಭಿಕರೊಬ್ಬರು ಕೇಳಿದರು: ಹಿಂದಿನ ಲೇಬರ್ ಸರ್ಕಾರ ಜಾಸ್ತಿ ಖರ್ಚು ಮಾಡಿತು ಅಂತ ಒಪ್ಪುತ್ತೀರಾ? ಇಲ್ಲ, ಒಪ್ಪುವುದಿಲ್ಲ ಅಂದರು. ಸಭೆಯಲ್ಲಿ ಗುಸುಗುಸು, ಅಸಮಾಧಾನ. ನಾನು ಆಗ ಇಲ್ಲಿಗೆ ಬಂದು ಎರಡು ವರ್ಷ. ಟಿವಿ ಮುಂದೆ ಕೂತಿದ್ದೆ. ಆ ಮನುಷ್ಯನ ಉತ್ತರ ತಪ್ಪಿರಲಿಲ್ಲ ಅಂತ ಆಮೇಲೆ ಅಂಕಿಗಳನ್ನು ನೋಡಿದಾಗ ಗೊತ್ತಾಯಿತು. ಬಿಕ್ಕಟ್ಟಿಗೆ ಮುಂಚೆ ಸರ್ಕಾರದ ಸಾಲ ಜಿಡಿಪಿಯ ಮೂರನೇ ಒಂದು ಭಾಗದ ಆಸುಪಾಸು ಇತ್ತು. ಲೇಬರ್ ಬಿಟ್ಟುಹೋಗುವಾಗ ಅದು 65% ಹತ್ತಿರ. ಏರಿಕೆಯ ಬಹುಪಾಲು ಬ್ಯಾಂಕುಗಳು ಮುಳುಗಿದ ಮೇಲಿನದು. 2007ರಿಂದ ನೋಡಿದವರಿಗೆ ಒಂದು ಚಿತ್ರ, 2010ರಿಂದ ನೋಡಿದವರಿಗೆ ಇನ್ನೊಂದು.

ಈಗ ಸಾಲ ಎಷ್ಟಿದೆ? ನಿನ್ನೆಯ ಲೆಕ್ಕ: ಜಿಡಿಪಿಯ 99.8%. 1960ರ ದಶಕದ ಆರಂಭದ ನಂತರ ಇಷ್ಟು ಮೇಲೆ ಹೋಗಿರಲಿಲ್ಲ. ಅದರಲ್ಲಿ ಕೋವಿಡ್ ಕಾಲದ ಸಂಬಳ ಯೋಜನೆಯೂ ಸೇರಿದೆ, ಸುಮಾರು 70 ಬಿಲಿಯನ್ ಪೌಂಡ್. ಇಲ್ಲಿ ಎಷ್ಟೋ ಮನೆಗಳು ಅದರಿಂದ ಉಳಿದವು. ಅದನ್ನು ತಂದದ್ದು ಆಗ ಹಣಕಾಸು ಮಂತ್ರಿಯಾಗಿದ್ದ ಇದೇ ಸುನಕ್. ಒಳ್ಳೆಯ ಕೆಲಸ. ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ಆದರೆ 2008ರ ಸಾಲಕ್ಕೆ ಲೇಬರ್ ದುಂದುಗಾರಿಕೆ ಅಂತ ಹೆಸರು, 2020ರ ಸಾಲಕ್ಕೆ ವಿಧಿ ಅಂತ ಹೆಸರು ಇಡುವುದು ಮಾತ್ರ ನ್ಯಾಯ ಅಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಈ ಹಾಲ್‌ನಲ್ಲಿ ಸುನಕ್ ಅಂದ ತಕ್ಷಣ ಕೆಲವರ ಮುಖದಲ್ಲಿ ನಗು ಬರುವುದನ್ನು ನೋಡಿದೆ. ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ನಾನೂ ಧಾರವಾಡದ ಕಡೆಯವನು. ನಮ್ಮೂರ ಅಳಿಯ ಅನ್ನುವ ಅಭಿಮಾನ ನನಗೂ ಇದೆ. ಅವರು ಪ್ರಧಾನಿ ಆದ ದಿನ ನಮ್ಮ ತಾಯಿ ಫೋನ್ ಮಾಡಿ, ‘ನಮ್ಮ ಹುಡುಗನ ಆದಂಗಾತು ನೋಡಪಾ’ ಅಂದಿದ್ದರು. ಅದೇ ಸರ್ಕಾರ ಈ ಏಪ್ರಿಲ್‌ನಲ್ಲಿ ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಮಿತಿಯನ್ನು 26,200ರಿಂದ 38,700 ಪೌಂಡ್‌ಗೆ ಏರಿಸಿತು. ವೀಸಾ ಪಡೆಯುವವರು ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಸರ್ಚಾರ್ಜ್ ವರ್ಷಕ್ಕೆ 624 ಇದ್ದದ್ದು ಫೆಬ್ರವರಿಯಲ್ಲೇ 1,035 ಆಗಿತ್ತು. ನಾಲ್ಕು ಜನರ ಮನೆಗೆ ಅದು ಎಷ್ಟಾಗುತ್ತದೆ ಅಂತ ಇಲ್ಲಿ ಕೂತ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಭಿಮಾನ ಅಭಿಮಾನದ ಜಾಗದಲ್ಲಿ ಇರಲಿ. ಲೆಕ್ಕ ನೋಡುವಾಗ ಅಳಿಯ, ಮಗ, ನೆಂಟ ಅಂತ ಇಲ್ಲ.

ಮತ್ತೆ ದಾರಿಗೆ ಬರೋಣ. ಅಂಕಿಗಳೇ ಆಮೇಲೆ ಬದಲಾಗುತ್ತವೆ ಅನ್ನುವುದು ನಿಮಗೆ ಗೊತ್ತಿರಲಿ. 2012ರಲ್ಲಿ ಬ್ರಿಟನ್ ಎರಡನೇ ಸಲ ಹಿಂಜರಿತಕ್ಕೆ ಬಿತ್ತು ಅಂತ ದೊಡ್ಡ ಸುದ್ದಿ. ಸಂಸತ್ತಿನಲ್ಲಿ ಲೇಬರ್‌ನ ಎಡ್ ಬಾಲ್ಸ್ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅವರನ್ನು ಅದರ ಮೇಲೇ ತರಾಟೆಗೆ ತೆಗೆದುಕೊಂಡರು. 2013ರ ಜೂನ್‌ನಲ್ಲಿ ಅಂಕಿ ಅಂಶ ಕಚೇರಿ ಲೆಕ್ಕ ತಿದ್ದಿತು. ಆ ಎರಡನೇ ಹಿಂಜರಿತ ಆಗಿಯೇ ಇರಲಿಲ್ಲ! ಕಳೆದ ವರ್ಷವೂ ಅಷ್ಟೇ. ಕೋವಿಡ್ ನಂತರ ನಾವು ಹಿಂದೆ ಬಿದ್ದಿದ್ದೇವೆ ಅಂತ ಎರಡು ವರ್ಷ ಅಂದುಕೊಂಡಿದ್ದೆವು. 2021ರ ಕೊನೆಗೇ ಹಳೆಯ ಮಟ್ಟ ದಾಟಿದ್ದೆವು ಅಂತ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಮೊದಲ ಲೆಕ್ಕ ಅಂದರೆ ಅಂದಾಜು, ಅಷ್ಟೇ. ಈ ವರ್ಷದ ಮೊದಲ ಮೂರು ತಿಂಗಳಲ್ಲಿ 0.6% ಬೆಳೆದೆವು ಅಂತ ಟೋರಿಗಳು ಹೇಳುತ್ತಿರುವ ಅಂಕಿಯನ್ನೂ ಬರುವ ಶುಕ್ರವಾರ ಮತ್ತೆ ನೋಡಿ ಪ್ರಕಟಿಸುತ್ತಾರೆ. ಆ ಮೂರು ತಿಂಗಳಿಗೆ ಮುಂಚಿನ ಆರು ತಿಂಗಳು ಇಳಿಜಾರು. ಗುಂಡಿಯಿಂದ ಎದ್ದು ಇಟ್ಟ ಮೊದಲ ಹೆಜ್ಜೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಎಲ್ಲಾ ಅಂಕಿಗಳನ್ನೂ ಬಿಟ್ಟುಬಿಡಬೇಕಾ? ಖಂಡಿತಾ ಬೇಡ. 1978ರ ಒಂದು ಪೋಸ್ಟರ್ ನೆನಪಿಸುತ್ತೇನೆ. ನಿರುದ್ಯೋಗ ಕಚೇರಿಯ ಮುಂದೆ ಹಾವಿನ ಹಾಗೆ ಉದ್ದ ಸಾಲು. ಮೇಲೆ, ಲೇಬರ್ ಕೆಲಸ ಮಾಡುತ್ತಿಲ್ಲ ಅನ್ನುವ ಸಾಲು, ಎರಡು ಅರ್ಥ ಬರುವ ಹಾಗೆ. ಟೋರಿಗಳಿಗೆ ಸಾಚಿ ಜಾಹೀರಾತು ಕಂಪನಿ ಮಾಡಿಕೊಟ್ಟದ್ದು. ಸಾಲಲ್ಲಿ ನಿಂತವರು ನಿರುದ್ಯೋಗಿಗಳಲ್ಲ, ಹೆಂಡನ್‌ನ ಟೋರಿ ಯುವ ಕಾರ್ಯಕರ್ತರು. ಆಗ ನಿರುದ್ಯೋಗಿಗಳು ಹದಿನೈದು ಲಕ್ಷದ ಹತ್ತಿರ. ಮಾರ್ಗರೆಟ್ ಥ್ಯಾಚರ್ ಗೆದ್ದರು. 1982ಕ್ಕೆ ಆ ಸಂಖ್ಯೆ ಮೂವತ್ತು ಲಕ್ಷ ದಾಟಿತು. ಆದರೂ 1983ರಲ್ಲಿ ಗೆದ್ದರು, 1987ರಲ್ಲೂ ಗೆದ್ದರು. ಅವರ ಕಡೆಯವರು ಹಣದುಬ್ಬರ ತೋರಿಸುತ್ತಿದ್ದರು. 1980ರಲ್ಲಿ 22% ಹತ್ತಿರ ಇದ್ದದ್ದು 1983ರ ಚುನಾವಣೆ ಹೊತ್ತಿಗೆ 4%ಗಿಂತ ಕೆಳಗೆ ಬಂದಿತ್ತು. ಎರಡೂ ನಿಜ. ಕೆಲಸ ಇದ್ದವರ ಮನೆಯಲ್ಲಿ ಒಂದು ನಿಜ, ಕೆಲಸ ಹೋದವರ ಮನೆಯಲ್ಲಿ ಇನ್ನೊಂದು. ಗಣಿ ಮುಚ್ಚಿದ ಊರುಗಳಿಗೆ ಹೋಗಿ ನೋಡಿ, ಆ ಎರಡನೇ ನಿಜ ಇವತ್ತಿಗೂ ಅಲ್ಲಿದೆ. ಯಾವ ವರ್ಷದಿಂದ ಅನ್ನುವುದರ ಜೊತೆಗೆ ಯಾರ ಮನೆಯಿಂದ ಅಂತಲೂ ಕೇಳಬೇಕಾಗುತ್ತದೆ.

ನನ್ನದೇ ಒಂದು ಅಳತೆಗೋಲು ಇದೆ, ನಿಮಗೆ ಒಪ್ಪಿಗೆ ಆದರೆ ಇಟ್ಟುಕೊಳ್ಳಿ. ಒಂದು ಪಕ್ಷ ಮಾಡಿದ ಕೆಲಸವನ್ನು ಎದುರು ಪಕ್ಷ ಬಂದ ಮೇಲೂ ಉಳಿಸಿಕೊಂಡಿತಾ? 1997ರ ಮೇ ತಿಂಗಳಲ್ಲಿ, ಗೆದ್ದು ಬಂದ ಕೆಲವೇ ದಿನಗಳಲ್ಲಿ, ಲೇಬರ್‌ನ ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್ ಬಡ್ಡಿ ನಿರ್ಧರಿಸುವ ಅಧಿಕಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಬಿಟ್ಟುಕೊಟ್ಟರು. ಇವತ್ತಿಗೂ ಹಾಗೇ ಇದೆ. 1999ರಲ್ಲಿ ಕನಿಷ್ಠ ಕೂಲಿ ಬಂತು, ಗಂಟೆಗೆ 3.60 ಪೌಂಡ್. ಅದಕ್ಕೆ ಕಾನೂನು ಬಂದಾಗ ಟೋರಿಗಳು ವಿರೋಧಿಸಿದ್ದರು. ಈ ಏಪ್ರಿಲ್‌ನಲ್ಲಿ ಅದೇ ಟೋರಿಗಳು ಅದನ್ನು 11.44ಕ್ಕೆ ಏರಿಸಿದ್ದಾರೆ. ಇನ್ನೊಂದು ಕಡೆ, 2010ರಲ್ಲಿ ಆಸ್ಬೋರ್ನ್ ಒಬಿಆರ್ ಸ್ಥಾಪಿಸಿದರು, ಸರ್ಕಾರ ತನ್ನ ಲೆಕ್ಕವನ್ನು ತಾನೇ ಸಿಹಿ ಮಾಡಿಕೊಳ್ಳದಿರಲಿ ಅಂತ. ಈಗ ಲೇಬರ್‌ನ ರೇಚಲ್ ರೀವ್ಸ್ ಅದನ್ನು ಇನ್ನೂ ಗಟ್ಟಿ ಮಾಡುತ್ತೇನೆ ಅನ್ನುತ್ತಿದ್ದಾರೆ. ನನಗೆ ಇವು ನಿಜವಾದ ದಾಖಲೆಗಳು. ಒಂದು ತಿಂಗಳ ಜಿಡಿಪಿಗಿಂತ ಇವಕ್ಕೆ ತೂಕ ಜಾಸ್ತಿ.

ಇನ್ನು ನಿಮ್ಮ ಪೇಸ್ಲಿಪ್. ಫೋನಿನಲ್ಲಿ ಇದ್ದರೆ ಈಗಲೇ ತೆಗೆಯಿರಿ. ತೆರಿಗೆ ಕೋಡ್ ಅಂತ ಇದೆಯಲ್ಲ, ಹೆಚ್ಚಿನವರಿಗೆ 1257ಎಲ್ ಅಂತ ಇರುತ್ತದೆ. ಅಂದರೆ ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ. 2021ರ ಏಪ್ರಿಲ್‌ನ ಪೇಸ್ಲಿಪ್ ತೆಗೆದು ನೋಡಿ. ಅದೇ ಕೋಡ್. ಬೆಲೆ, ಸಂಬಳ ಎಲ್ಲಾ ಮೇಲೆ ಹೋಗಿವೆ, ಈ ಗೆರೆ ಮಾತ್ರ ಅಲ್ಲೇ ನಿಂತಿದೆ. 2028ರವರೆಗೂ ಅಲ್ಲೇ ಇಡುವುದಾಗಿ ಈ ಸರ್ಕಾರ ಹೇಳಿದೆ. ಸಂಬಳ ಏರಿದ ಹಾಗೆಲ್ಲ ತೆರಿಗೆಗೆ ಸಿಗುವ ಭಾಗ ದೊಡ್ಡದಾಗುತ್ತಾ ಹೋಗುತ್ತದೆ. ತೆರಿಗೆ ಏರಿಸಿದೆವು ಅಂತ ಯಾರೂ ಹೇಳಬೇಕಾಗಿಯೇ ಇಲ್ಲ. ಸಂಬಳದಲ್ಲಿ ಕಡಿತವಾಗುವ ನ್ಯಾಷನಲ್ ಇನ್ಶೂರೆನ್ಸ್ ಅನ್ನು ಜನವರಿಯಲ್ಲಿ 12%ರಿಂದ 10%ಗೆ, ಏಪ್ರಿಲ್‌ನಲ್ಲಿ 8%ಗೆ ಇಳಿಸಿದ್ದು ನಿಜ, ಅದೂ ನಿಮ್ಮ ಪೇಸ್ಲಿಪ್‌ನಲ್ಲಿ ಕಾಣುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದು ಜಾಹೀರಾತಿನಲ್ಲಿ ಬಂತು, ಇನ್ನೊಂದು ಕೈಯಲ್ಲಿ ತೆಗೆದುಕೊಂಡದ್ದು ಬರಲಿಲ್ಲ. ಆದಾಯ ತೆರಿಗೆಯ ದರ ಏರಿಸುವುದಿಲ್ಲ ಅಂತ ಲೇಬರ್ ಹೇಳಿದೆ. ಈ ಗೆರೆಯನ್ನು ಮೇಲೆ ಎತ್ತುತ್ತೇವೆ ಅಂತ ಹೇಳಿಲ್ಲ. ಎರಡೂ ಪಕ್ಷ ಇದರ ಬಗ್ಗೆ ಮಾತಾಡದೆ ಚುನಾವಣೆ ಮುಗಿಸಲು ನೋಡುತ್ತಿವೆ. ಬ್ರೆಕ್ಸಿಟ್ ಬಗ್ಗೆಯೂ ಅಷ್ಟೇ. ಅದರಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ 4% ಕಡಿಮೆ ಆಗುತ್ತದೆ ಅಂತ ಒಬಿಆರ್ ಅಂದಾಜು ಮಾಡಿದೆ. ಚರ್ಚೆಗಳಲ್ಲಿ ಇಬ್ಬರೂ ಅದರ ಹತ್ತಿರ ಸುಳಿಯುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಜನಕ್ಕೆ ಕಷ್ಟದ ಮಾತು ಕೇಳುವ ಶಕ್ತಿ ಇದೆ. ನಾಯಕರಿಗೆ ಹೇಳುವ ಧೈರ್ಯ ಇಲ್ಲ.

ನಿಮ್ಮಲ್ಲಿ ಕೆಲವರಿಗೆ ಇನ್ನೂ ಗೊತ್ತಿಲ್ಲ ಅಂತ ಕಾಣುತ್ತದೆ, ಹೇಳಿಬಿಡುತ್ತೇನೆ. ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವಾಸಕ್ಕೆ ಅನುಮತಿ ಪಡೆದವರಿಗೆ ಕಾಮನ್‌ವೆಲ್ತ್ ಪ್ರಜೆಗಳಾಗಿ ಮತದ ಹಕ್ಕಿದೆ. ಹೆಸರು ಸೇರಿಸಲು ಮೊನ್ನೆ ಮಂಗಳವಾರ ಕೊನೆ ದಿನ ಆಗಿಹೋಯಿತು. ಸೇರಿಸಿದವರು ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡಿ. ಸಾರ್ವತ್ರಿಕ ಚುನಾವಣೆಯಲ್ಲಿ ಈ ಸಲವೇ ಮೊದಲು ಅದನ್ನು ಕೇಳುವುದು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬೆಳಿಗ್ಗೆ 7ರಿಂದ ರಾತ್ರಿ 10.

ಕೊನೆಗೆ ಒಂದು ಸಂಗತಿ. ಹದಿನೈದು ದಿನದ ಹಿಂದೆ ಭಾನುವಾರ ಒಬ್ಬ ಕಾರ್ಯಕರ್ತೆ ನಮ್ಮ ಮನೆ ಬಾಗಿಲು ಬಡಿದರು. ಯಾವ ಪಕ್ಷ ಅಂತ ಹೇಳುವುದಿಲ್ಲ. ವಯಸ್ಸಾದ ಹೆಂಗಸು, ಕೈಯಲ್ಲಿ ಕರಪತ್ರಗಳ ಕಟ್ಟು. ಆಸ್ಪತ್ರೆ ಚಿಕಿತ್ಸೆಗೆ ಕಾಯುವವರ ಪಟ್ಟಿ 75 ಲಕ್ಷ ಅಂತ ಶುರು ಮಾಡಿದರು. ನಾನು ಕೇಳಿದೆ, ಎಲ್ಲಿಂದ ಅಷ್ಟಾಯಿತು, ಕೋವಿಡ್‌ಗೆ ಮುಂಚೆ ಎಷ್ಟಿತ್ತು? ಅವರಿಗೆ ಗೊತ್ತಿರಲಿಲ್ಲ. ಸಂಕೋಚಪಡದೆ ಹಾಗಂತ ಹೇಳಿದರು. ಕರಪತ್ರದ ಹಿಂಬದಿಯಲ್ಲಿ ನನ್ನ ಪ್ರಶ್ನೆ ಬರೆದುಕೊಂಡು ಹೋದರು. ಮತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ಬುಧವಾರ ಸಂಜೆ ಬಂದರು. ಚೀಟಿಯಲ್ಲಿ ಪೆನ್ಸಿಲ್‌ನಿಂದ ಮೂರು ಸಾಲು. ಇಂಗ್ಲೆಂಡಿನಲ್ಲಿ 2010ರಲ್ಲಿ 25 ಲಕ್ಷ, 2020ರ ಆರಂಭದಲ್ಲಿ 46 ಲಕ್ಷ, ಈಗ 75 ಲಕ್ಷ. ‘ಎರಡು ಏರಿಕೆ ಇವೆ, ನಾನು ಒಂದೇ ಅಂದುಕೊಂಡಿದ್ದೆ’ ಅಂದರು. ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿದೆವು. ಹೋಗುವಾಗ ಆ ಚೀಟಿ ನನಗೇ ಬಿಟ್ಟರು. ಇಲ್ಲಿ ಇದೆ, ಬೇಕಾದವರು ಚಹಾ ಕುಡಿಯುವಾಗ ಬಂದು ನೋಡಿ.